ತೂಕದ ಆಪರೇಷನ್ ಆದ ಮೇಲೆ ತಂಗಿಯ ನಾಡಿ 128 ಇತ್ತು, "ಗ್ಯಾಸ್" ಅಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇವೆ ಅಂದರೆ ಕೇಳೋ ಹಕ್ಕೇ ಇಲ್ವಾ?

ರಾಣೆಬೆನ್ನೂರು ಅಣ್ಣ:

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಡಾಕ್ಟರ್ ವಿಷಯ, ಕೋರ್ಟ್ ವಿಷಯ ಎರಡೂ ನನಗೆ ಗೊತ್ತಿಲ್ಲ. ಸ್ವಲ್ಪ ಉದ್ದ ಇದೆ, ಗೊತ್ತಿದ್ದವರು ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನ ತಂಗಿಗೆ 34 ವರ್ಷ. ಪ್ರೈಮರಿ ಶಾಲೆ ಟೀಚರ್. ಎರಡನೇ ಹೆರಿಗೆ ಆದ ಮೇಲೆ ತೂಕ ಏರುತ್ತಾ ಹೋಗಿ 118 ಕೆಜಿ ಆಯಿತು. ಎತ್ತರ 160 ಸೆಂಟಿಮೀಟರ್. ಸಕ್ಕರೆ ಕಾಯಿಲೆ ಬಂತು. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಶಾಲೆಯಲ್ಲಿ ಮೆಟ್ಟಿಲು ಹತ್ತಲು ಆಗದೆ ಕೆಳಗಿನ ಕೋಣೆಗೆ ತರಗತಿ ಬದಲಾಯಿಸಿಕೊಂಡಿದ್ದಳು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, "ಚೆಂದ ಕಾಣಾಕ ಹೋಗಿ ಮಾಡಿಸ್ಕೊಂಡ್ಳು" ಅಂತ ನಮ್ಮ ಸಂಬಂಧಿಕರೇ ಆಡಿಕೊಂಡರು. ಅದು ಸುಳ್ಳು. ಅವಳ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 46 ಇತ್ತು. 40 ದಾಟಿದರೆ ಇನ್ಶೂರೆನ್ಸ್ ನಿಯಮದಲ್ಲೂ ಇದನ್ನು ಚಿಕಿತ್ಸೆ ಅಂತಲೇ ಎಣಿಸುತ್ತಾರೆ. ಅವಳಿಗೆ ಇದು ಬೇಕಾಗಿತ್ತು. ಈಗಲೂ ನಾನು ಆಪರೇಷನ್ನೇ ತಪ್ಪು ಅನ್ನುವುದಿಲ್ಲ.

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಲೀವ್ ಮಾಡಿದರು. ಹೆಸರು ಹಾಕುವುದಿಲ್ಲ. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದಿದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಥರ ಪಿನ್ ಹೊಡೆದು ಮುಚ್ಚುತ್ತಾರೆ ಅಂತ ಚಿತ್ರ ಬರೆದು ತೋರಿಸಿದ್ದರು. ಸೋಮವಾರ ಆಪರೇಷನ್. ಗುರುವಾರ ಮಧ್ಯಾಹ್ನದ ಹೊತ್ತಿಗೆ ಡಿಸ್ಚಾರ್ಜ್. ಕಾರಿನಲ್ಲಿ ಕರೆದುಕೊಂಡು ಹೊರಟೆವು. ಹಿರಿಯೂರು ದಾಟಿದ ಮೇಲೆ ಬಿಕ್ಕಳಿಕೆ ಶುರುವಾಯಿತು, ಊರು ಮುಟ್ಟುವ ತನಕ ನಿಲ್ಲಲಿಲ್ಲ.

ಶುಕ್ರವಾರ ಸಂಜೆ ಅಂಗಡಿಗೆ ಫೋನ್ ಮಾಡಿದಳು. "ಅಣ್ಣಾ, ಎದಿ ಡವಡವ ಅನ್ನಾಕತ್ತೈತಿ." ಎಡಭುಜ ನೋಯುತ್ತಿದೆ ಅಂದಳು. ಕೊರೋನಾ ಟೈಮಲ್ಲಿ ತಂದಿದ್ದ ಬೆರಳಿನ ಮೀಟರ್ ಮನೆಯಲ್ಲಿತ್ತು. ಹಾಕಿ ನೋಡಿದರೆ ಆಕ್ಸಿಜನ್ 96, ನಾಡಿ 124. ನನಗೆ ಏನನ್ನೂ ಬರೆದಿಡುವ ಅಭ್ಯಾಸ. ಜೇಬಿನಲ್ಲಿದ್ದ ಬಿಲ್ ಪುಸ್ತಕದ ಹಿಂಬದಿಗೆ ಟೈಮ್ ಹಾಕಿ ಬರೆದೆ. ಆಮೇಲೆ ಪ್ರತಿ ಎರಡು ತಾಸಿಗೊಮ್ಮೆ ನೋಡಿ ಬರೆಯುತ್ತಾ ಹೋದೆ.

ಡಿಸ್ಚಾರ್ಜ್ ಮಾಡುವಾಗ ಒಂದು ವಾಟ್ಸಾಪ್ ನಂಬರ್ ಕೊಟ್ಟಿದ್ದರು, ಏನಿದ್ದರೂ ಇದಕ್ಕೆ ಹಾಕಿ ಅಂತ. ಮೀಟರಿನ ಫೋಟೊ ಕಳಿಸಿದೆ. "ಆಕ್ಸಿಜನ್ ಚೆನ್ನಾಗಿದೆ ಸರ್, ಅದು ಗ್ಯಾಸ್, ನಡೆದಾಡಿಸಿ" ಅಂತ ಉತ್ತರ ಬಂತು. ನಡೆದಾಡಿಸಿದೆವು. ಶನಿವಾರ ಬೆಳಿಗ್ಗೆ 128. ಮತ್ತೆ ಕಳಿಸಿದೆ. "ಟೆನ್ಷನ್ ಮಾಡಿಕೊಂಡಿದ್ದಾರೆ, ಧೈರ್ಯ ಹೇಳಿ." ಜ್ವರ 99.6 ಇತ್ತು, ಅದನ್ನೂ ಹಾಕಿದೆ. ಡೋಲೊ ಕೊಡಿ ಅಂದರು. ಸರ್ಜನ್ ಹತ್ತಿರ ಒಂದು ನಿಮಿಷ ಮಾತಾಡಿಸಿ ಅಂತ ಮೂರು ಸಲ ಫೋನ್ ಮಾಡಿ ಬೇಡಿಕೊಂಡೆ. "ಸರ್ ಓಟಿಯಲ್ಲಿದ್ದಾರೆ, ಹೇಳ್ತೀನಿ." ಭಾನುವಾರ ರಾತ್ರಿ ಅವಳಿಗೆ ಮಲಗಲು ಆಗಲಿಲ್ಲ. ಗೋಡೆಗೆ ಒರಗಿ ಕೂತೇ ಇದ್ದಳು. ಅವ್ವ ಬೆನ್ನು ತಿಕ್ಕುತ್ತಿದ್ದಳು. ನಾಡಿ 136.

ಸೋಮವಾರ ಬೆಳಿಗ್ಗೆ ನಮ್ಮ ಊರಿನ ಹಳೆಯ ಡಾಕ್ಟರ್ ಹತ್ತಿರ ಹೋದೆವು. ಅವರು ಕೈ ಹಿಡಿದು ನಾಡಿ ನೋಡಿದರು, ಆಪರೇಷನ್ ಆಗಿ ಎಷ್ಟು ದಿನ ಅಂತ ಕೇಳಿದರು. ಅಷ್ಟೇ. "ಇಲ್ಲಿ ಕೂರಬೇಡಿ, ಈಗಲೇ ದಾವಣಗೆರೆಗೆ ಹೊರಡಿ" ಅಂದು ಚೀಟಿ ಬರೆದುಕೊಟ್ಟರು. ಫೀಸು ಕೂಡ ತಗೊಳ್ಳಲಿಲ್ಲ. ದಾವಣಗೆರೆಯಲ್ಲಿ ಕುಡಿಯೋ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದರು. ಅನ್ನನಾಳ ಬಂದು ಸೇರುವ ಜಾಗದ ಕೆಳಗೆ, ಪಿನ್ ಹೊಡೆದ ಸಾಲಿನ ತುದಿಯಲ್ಲಿ ಸೋರಿಕೆ. ಎಡಗಡೆ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗೆ ಕೀವು ತುಂಬಿತ್ತು. ಅವತ್ತೇ ರಾತ್ರಿ ಆಪರೇಷನ್ ಮಾಡಿ ತೊಳೆದು, ಕೀವು ಹೊರಗೆ ಬರಲು ಡ್ರೈನ್ ನಳಿಕೆ ಇಟ್ಟರು, ಕರುಳಿಗೆ ಊಟದ ನಳಿಕೆ ಹಾಕಿದರು. ಆಮೇಲೆ ಸೋರುವ ಜಾಗ ಮುಚ್ಚಲು ಬಾಯಿಂದ ಸ್ಟೆಂಟ್ ಅನ್ನೋ ಕೊಳವೆ ಇಳಿಸಿದರು. ಒಟ್ಟು 41 ದಿನ. ಬದುಕಿ ಬಂದಳು.

ಇದಾಗಿ 7 ತಿಂಗಳಾಯಿತು. ಬೆಂಗಳೂರಿನ ಆಸ್ಪತ್ರೆಗೆ ಕಾಗದ ಬರೆದೆ. ಉತ್ತರ ಎರಡೇ ಸಾಲು. ಸೋರಿಕೆ ಈ ಆಪರೇಷನ್ನಿನಲ್ಲಿ ಆಗಬಹುದು ಅಂತ ಗೊತ್ತಿರುವ ತೊಡಕು, ಒಪ್ಪಿಗೆ ಪತ್ರದಲ್ಲಿ ಬರೆದಿದೆ, ರೋಗಿ ಸಹಿ ಹಾಕಿದ್ದಾರೆ ಅಂತ.

ಹೌದು, ಬರೆದಿದೆ. ನಾನೇ ಓದಿದ್ದೆ. ಸೋರಿದ್ದು ಯಾರ ತಪ್ಪೂ ಅಲ್ಲದೆ ಇರಬಹುದು. ನಾನು ಕೇಳುತ್ತಿರುವುದು ಆ ಮೂರು ದಿನದ ಬಗ್ಗೆ. ಫೋಟೊ ಅವರ ಕಣ್ಣ ಮುಂದೆ ಇತ್ತು. ಸೋರಬಹುದು ಅಂತ ಅವರಿಗೆ ಮೊದಲೇ ಗೊತ್ತಿತ್ತು ಅಂದಮೇಲೆ, ಸೋರಿದಾಗ ಯಾಕೆ ಹುಡುಕಲಿಲ್ಲ? ಇದು ಕಾನೂನಿನಲ್ಲಿ ನಿರ್ಲಕ್ಷ್ಯ ಅನ್ನಿಸಿಕೊಳ್ಳುತ್ತಾ? ಇನ್ನೊಂದು. ಶನಿವಾರವೇ ನಾನು ಬೇರೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತಾ? ಇದು ನನಗೆ ರಾತ್ರಿ ನಿದ್ದೆ ಕೊಡುತ್ತಿಲ್ಲ.

ವಾರ್ಡ್ ನಂಬರ್ 4:

ಅಣ್ಣಾ, ನಾನು ಮಂಗಳೂರಿನಲ್ಲಿ ಸರ್ಜಿಕಲ್ ಐಸಿಯುನಲ್ಲಿ 11 ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ಕೇಸಿನ ಬಗ್ಗೆ ನಾನು ತೀರ್ಪು ಕೊಡಲಾರೆ. ನಾಡಿಯ ಬಗ್ಗೆ ಹೇಳಬಲ್ಲೆ.

ಈ ಆಪರೇಷನ್ ಆದವರಲ್ಲಿ ನಾವು ಮೊದಲು ನೋಡುವುದೇ ನಾಡಿ. ಜ್ವರಕ್ಕಿಂತ ಮೊದಲು, ನೋವಿಗಿಂತ ಮೊದಲು. 120 ದಾಟಿ ಇಳಿಯದೆ ನಿಂತಿತು ಅಂದರೆ ಸೋರಿಕೆ ಇರಬಹುದು ಅಂತಲೇ ಹೊರಡಬೇಕು, ಅಲ್ಲ ಅಂತ ಗೊತ್ತಾಗುವ ತನಕ. ಇಲ್ಲದಿದ್ದರೆ ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು, ಒಳಗೆ ರಕ್ತಸ್ರಾವ ಆಗುತ್ತಿರಬಹುದು. ಮೂರೂ ಜೀವಕ್ಕೆ ಅಪಾಯ. ಯಾವುದನ್ನೂ ವಾಟ್ಸಾಪಿನಲ್ಲಿ ತೀರ್ಮಾನ ಮಾಡಲು ಆಗಲ್ಲ. ಆಕ್ಸಿಜನ್ 96 ಇದೆ ಅನ್ನುವುದು ಇಲ್ಲಿ ಸಮಾಧಾನದ ಮಾತೇ ಅಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಾಮಾನ್ಯ ಮೈಕಟ್ಟಿನವರಿಗೆ ಹೊಟ್ಟೆಯೊಳಗೆ ಸೋರಿದರೆ ಹೊಟ್ಟೆ ಹಲಗೆ ಥರ ಗಟ್ಟಿಯಾಗುತ್ತದೆ, ಮುಟ್ಟಿದರೆ ಕಿರುಚುತ್ತಾರೆ. ತೂಕ ಜಾಸ್ತಿ ಇರುವವರಲ್ಲಿ ಎಷ್ಟೋ ಸಲ ಅದು ಕಾಣಿಸುವುದೇ ಇಲ್ಲ. ಹೊಟ್ಟೆ ಮೆತ್ತಗೇ ಇರುತ್ತದೆ, ಒಳಗೆ ಕೀವು ಏರುತ್ತಿರುತ್ತದೆ. ಕೂತಲ್ಲೇ ಚಡಪಡಿಸುವುದು, ಏದುಸಿರು, ಬಿಕ್ಕಳಿಕೆ, ಎಡಭುಜದ ನೋವು, ಇಷ್ಟೇ ಸುಳಿವು. ಭುಜ ಯಾಕೆ ನೋಯುತ್ತದೆ ಅಂದರೆ, ವಪೆಗೆ ಹೋಗುವ ನರ ಕುತ್ತಿಗೆಯಿಂದ ಬರುತ್ತದೆ. ವಪೆ ಕೆರಳಿದರೆ ನೋವು ಭುಜದಲ್ಲಿ ಕಾಣಿಸುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ದುರ್ಬೀನು ಆಪರೇಷನ್ನಿಗೆ ಹೊಟ್ಟೆಗೆ ಗ್ಯಾಸ್ ತುಂಬಿಸುತ್ತಾರೆ. ಅದರಿಂದಲೂ ಒಂದೆರಡು ದಿನ ಭುಜ ನೋಯುವುದು ಉಂಟು. ಹಾಗಾಗಿ "ಗ್ಯಾಸ್" ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಆದರೆ ಆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ನಾಲ್ಕನೇ ದಿನ ಹೊಸದಾಗಿ ಶುರುವಾಗಿ, ಜೊತೆಗೆ ನಾಡಿಯೂ ಏರಿದರೆ ಅದು ಆ ಗ್ಯಾಸ್ ಅಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ, ಅನುಮಾನ ಬಲವಾಗಿದ್ದರೆ ಮತ್ತೆ ದುರ್ಬೀನು ಹಾಕಿ ನೋಡುವ ಡಾಕ್ಟರ್‌ಗಳನ್ನು ನಾನು ನೋಡಿದ್ದೇನೆ.

ಸೋರಿಕೆ ನೂರರಲ್ಲಿ ಒಬ್ಬಿಬ್ಬರಿಗೆ ಆಗುತ್ತದೆ. ಒಳ್ಳೆಯ ಕೈಯಲ್ಲೂ ಆಗುತ್ತದೆ. ಅದಕ್ಕೇ ಡಿಸ್ಚಾರ್ಜ್ ದಿನದ ಚಾರ್ಟ್ ಮುಖ್ಯ. ಟಿಪಿಆರ್ ಹಾಳೆ ಅಂತ ಇರುತ್ತದೆ, ಜ್ವರ, ನಾಡಿ, ಉಸಿರು ಬರೆಯುವ ಹಾಳೆ. ನರ್ಸಿಂಗ್ ನೋಟ್ಸ್ ಬೇರೆ. ಎರಡನ್ನೂ ಕೇಳಿ ತಗೊಳ್ಳಿ. ಬರೀ ಡಿಸ್ಚಾರ್ಜ್ ಸಮರಿ ಕೊಟ್ಟು ಕಳಿಸಿದರೆ ಒಪ್ಪಬೇಡಿ.

ನಿಮ್ಮ ಕೊನೆಯ ಪ್ರಶ್ನೆಗೆ: ಆಪರೇಷನ್ ಮಾಡಿದವರನ್ನೇ ನೀವು ಕೇಳಿದ್ದೀರಿ, ಅದೂ ಮತ್ತೆ ಮತ್ತೆ. ಮನೆಯವರು ಅದಕ್ಕಿಂತ ಏನು ಮಾಡುತ್ತಾರೆ ಅಣ್ಣಾ?

ಕರಿಕೋಟು ಧಾರವಾಡ:

ಗ್ರಾಹಕರ ಕೇಸುಗಳನ್ನು ನಡೆಸುತ್ತೇನೆ. ನಿಮ್ಮ ಕಾಗದ ನೋಡದೆ ಗೆಲ್ಲುತ್ತೀರಿ ಅಂತ ಹೇಳುವುದಿಲ್ಲ. ಆದರೆ ನೀವು ಸರಿಯಾದ ಗೆರೆ ಎಳೆದಿದ್ದೀರಿ. ತೊಡಕು ಆಗುವುದು ಬೇರೆ, ಆದ ತೊಡಕನ್ನು ನೋಡದೆ ಬಿಡುವುದು ಬೇರೆ. ಒಪ್ಪಿಗೆ ಪತ್ರದ ಸಹಿ ಮೊದಲನೆಯದಕ್ಕೆ. ನಿರ್ಲಕ್ಷ್ಯಕ್ಕೆ ಯಾರೂ ಮುಂಗಡ ಒಪ್ಪಿಗೆ ಕೊಡಲು ಬರುವುದಿಲ್ಲ.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯ ಒಳಗೆ ಬರುತ್ತದೆ ಅಂತ 1995ರಲ್ಲೇ ವಿ.ಪಿ. ಶಾಂತಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಗಿರುವುದು 2019ರ ಕಾಯ್ದೆ. ಅದರಲ್ಲಿ ನಿಮಗೆ ಅನುಕೂಲ ಏನೆಂದರೆ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಬೆಂಗಳೂರಿಗೆ ಓಡಾಡಬೇಕಿಲ್ಲ, ಹಾವೇರಿ ಜಿಲ್ಲಾ ಗ್ರಾಹಕ ಆಯೋಗ ಸಾಕು. ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದೊಳಗೆ ಇದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ. 5 ಲಕ್ಷದೊಳಗೆ ಇದ್ದರೆ ಕೋರ್ಟ್ ಫೀಸೂ ಇಲ್ಲ. ಗಡುವು ಎರಡು ವರ್ಷ. ದೂರು ನಿಮ್ಮ ತಂಗಿಯ ಹೆಸರಿನಲ್ಲಿ ಇರಬೇಕು, ನಿಮ್ಮ ಹೆಸರಿನಲ್ಲಿ ಅಲ್ಲ.

ಮೊದಲ ಕೆಲಸ ದಾಖಲೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಇದೆ. ತಂಗಿಯ ಸಹಿಯಲ್ಲಿ ಅರ್ಜಿ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. ಮೇಲೆ ಸಿಸ್ಟರ್ ಹೇಳಿದ ಹಾಳೆಗಳ ಹೆಸರನ್ನು ಒಂದೊಂದಾಗಿ ಬರೆಯಿರಿ.

ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಫೋನ್ ಮಾರಬೇಡಿ, ಬದಲಾಯಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಒಂದು ಪ್ರಮಾಣಪತ್ರ ಜೊತೆಗಿಟ್ಟು ಸಲ್ಲಿಸಬೇಕಾಗುತ್ತದೆ. ನಿಮ್ಮ ಬಿಲ್ ಪುಸ್ತಕವನ್ನು ಹಾಗೇ ಇಡಿ. ಅಂದವಾಗಿ ಮತ್ತೆ ಬರೆಯಲು ಹೋಗಬೇಡಿ, ಹಾಳೆ ಹರಿಯಬೇಡಿ. ಮುಂದಿನ ಪುಟಗಳಲ್ಲಿ ಗೊಬ್ಬರದ ಲೆಕ್ಕ ಇದ್ದರೆ ಇನ್ನೂ ಒಳ್ಳೆಯದು, ಆಮೇಲೆ ಕೂತು ಬರೆದದ್ದಲ್ಲ ಅಂತ ಅದೇ ಹೇಳುತ್ತದೆ.

ಬೇರೆ ಸರ್ಜನ್ ಒಬ್ಬರ ಲಿಖಿತ ಅಭಿಪ್ರಾಯ ಬೇಕಾಗುತ್ತದೆ. ಪ್ರತಿ ಕೇಸಿಗೂ ತಜ್ಞರ ಅಭಿಪ್ರಾಯ ಬೇಕೇ ಬೇಕು ಅಂತ ಇಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ವಿ. ಕಿಶನ್ ರಾವ್ ಕೇಸಿನಲ್ಲಿ ಹೇಳಿದೆ. ಅಲ್ಲಿ ಮಲೇರಿಯಾ ಜ್ವರಕ್ಕೆ ಟೈಫಾಯ್ಡ್ ಔಷಧಿ ಕೊಟ್ಟು ಹೆಂಗಸೊಬ್ಬರು ತೀರಿಕೊಂಡಿದ್ದರು. ಆದರೂ ನಿಮ್ಮಂಥ ಕೇಸಿನಲ್ಲಿ ಅಭಿಪ್ರಾಯ ಇಲ್ಲದೆ ಹೋಗಬೇಡಿ. ದಾವಣಗೆರೆಯವರ ಆಪರೇಷನ್ ನೋಟ್ಸಿನಲ್ಲಿ ಕೀವು ಎಷ್ಟಿತ್ತು, ಎಷ್ಟು ದಿನದ್ದು ಅನ್ನಿಸಿತು ಅಂತ ಬರೆದಿದ್ದರೆ ಅದು ಬಹಳ ಕೆಲಸಕ್ಕೆ ಬರುತ್ತದೆ.

ಪೊಲೀಸ್ ಸ್ಟೇಷನ್ನಿಗೆ ಹೋಗಿ ಅಂತ ಯಾರಾದರೂ ಹೇಳುತ್ತಾರೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ಡಾಕ್ಟರ್ ಮೇಲೆ ಕ್ರಿಮಿನಲ್ ಕೇಸಿಗೆ ತೀರಾ ದೊಡ್ಡ ಮಟ್ಟದ ನಿರ್ಲಕ್ಷ್ಯ ತೋರಿಸಬೇಕು. ನಿಮ್ಮ ಶಕ್ತಿ ಅಲ್ಲಿ ಹಾಳಾಗುವುದು ಬೇಡ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಅವರು ಡಾಕ್ಟರ್ ಮೇಲೆ ಕ್ರಮ ತಗೊಳ್ಳಬಹುದು, ಪರಿಹಾರ ಕೊಡಿಸುವುದಿಲ್ಲ.

ಆ ಕಡೆಯ ವಕೀಲರು ಖಂಡಿತ ಕೇಳುತ್ತಾರೆ, ಅಷ್ಟು ಕಷ್ಟ ಇದ್ದರೆ ಸೋಮವಾರದ ತನಕ ಯಾಕೆ ಕಾದಿರಿ ಅಂತ. ಅದಕ್ಕೆ ನಿಮ್ಮ ಉತ್ತರ ಆ ಮೆಸೇಜುಗಳೇ. ಮನೆಯಲ್ಲೇ ಇರಿ ಅಂತ ಹೇಳಿದವರು ಅವರು.

ತುಂಗೆ ದಂಡೆ:

ಇದನ್ನು ಓದಿ ಕೈ ನಡುಗಿತು. ನಮ್ಮದು ಶಿವಮೊಗ್ಗ. ನನ್ನ ಯಜಮಾನರಿಗೆ ಬೈಪಾಸ್ ಆಗಿತ್ತು, ಹೃದಯದ್ದಲ್ಲ, ಇದೇ ತೂಕದ್ದು. ಮೂರನೇ ವಾರದಿಂದ ವಾಂತಿ. ನೀರು ಕುಡಿದರೂ ವಾಂತಿ. ಫೋನ್ ಮಾಡಿದರೆ "ಜಾಸ್ತಿ ತಿಂತಿದ್ದಾರೆ, ಕಡಿಮೆ ಮಾಡಿ" ಅನ್ನುತ್ತಿದ್ದರು. ತಿನ್ನುವುದೇ ಇಲ್ಲ ಅಂದರೆ ನಂಬಲಿಲ್ಲ. ಇಲ್ಲೇ ನರ್ಸಿಂಗ್ ಹೋಮಿನಲ್ಲಿ ಎರಡು ದಿನಕ್ಕೊಮ್ಮೆ ಗ್ಲುಕೋಸ್ ಡ್ರಿಪ್ ಹಾಕಿಸುತ್ತಿದ್ದೆವು. ಏಳನೇ ವಾರ "ಎರಡೆರಡು ಕಾಣ್ತಿದೆ" ಅಂದರು. ನಡೆದರೆ ವಾಲುತ್ತಿದ್ದರು. ಒಂದು ದಿನ ನನ್ನನ್ನು ಅವರ ಅಕ್ಕನ ಹೆಸರಿನಿಂದ ಕರೆದರು. ಮಾನಸಿಕ ಅಂತ ನಿದ್ದೆ ಮಾತ್ರೆ ಕೊಟ್ಟರು.

ಕೊನೆಗೆ ಬೇರೆ ಊರಿನ ನರರೋಗದ ಡಾಕ್ಟರ್ ಒಬ್ಬರು ಕಣ್ಣು ಆಡಿಸಿ ನೋಡಿದ ಕೂಡಲೇ ಹೇಳಿದರು, ಬಿ1 ವಿಟಮಿನ್ ಖಾಲಿ ಆಗಿದೆ, ವರ್ನಿಕೆ ಅಂತಾರೆ ಅಂತ. ಅದು ಮೈಯಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟು ಮಾತ್ರ ಇರುತ್ತದಂತೆ. ಬಿ1 ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಇನ್ನೂ ಕೆಡುತ್ತದಂತೆ. ಇಂಜೆಕ್ಷನ್ ಕೊಟ್ಟ ಎರಡು ದಿನಕ್ಕೆ ಕಣ್ಣು ಸರಿಯಾಯಿತು. ನೆನಪು ವಾಪಸ್ ಬರಲಿಲ್ಲ.

ಅವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ರಾಶಿ, ಬೆಟ್ಟೆ, ಸರಕು, ಯಾವ ದಿನ ಎಷ್ಟು ದರ ಅಂತ ಪುಸ್ತಕ ನೋಡದೆ ಹೇಳುತ್ತಿದ್ದರು. ಈಗ ಊಟ ಆಯಿತಾ ಇಲ್ಲವಾ ಅಂತ ನನ್ನನ್ನು ಕೇಳುತ್ತಾರೆ.

ಆಪರೇಷನ್ ಆಗಿ ಎರಡು ವರ್ಷ ಹತ್ತು ತಿಂಗಳಾಯಿತು. ಕೇಳಬಹುದು ಅಂತಲೇ ನಮಗೆ ಗೊತ್ತಿರಲಿಲ್ಲ. ವಕೀಲರು ಹೇಳಿದ ಗಡುವು ಮುಗಿದು ಹೋಯಿತಲ್ವಾ?

ಕರಿಕೋಟು ಧಾರವಾಡ:

ಅಮ್ಮಾ, ಬಾಗಿಲು ಪೂರ್ತಿ ಮುಚ್ಚಿಲ್ಲ. ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಆಯೋಗ ಮನ್ನಾ ಮಾಡಬಹುದು, ಗ್ರಾಹಕ ಕಾಯ್ದೆಯ 69ನೇ ಕಲಮಿನಲ್ಲೇ ಇದೆ. ಖಚಿತ ಅಂತ ಹೇಳಲಾರೆ. ನೆನಪು ಹೋಗಿದೆ ಅನ್ನುವುದಕ್ಕೆ ಆ ನರರೋಗದ ಡಾಕ್ಟರ್ ಹತ್ತಿರ ಬರೆಸಿಕೊಂಡು, ಈ ವಾರವೇ ಶಿವಮೊಗ್ಗದಲ್ಲಿ ಒಬ್ಬ ವಕೀಲರನ್ನು ನೋಡಿ. ನರ್ಸಿಂಗ್ ಹೋಮಿನ ಡ್ರಿಪ್ ಚೀಟಿಗಳು ಇದ್ದರೆ ಎಲ್ಲವನ್ನೂ ಒಟ್ಟುಮಾಡಿ.

ವಾರ್ಡ್ ನಂಬರ್ 4:

ತುಂಗೆ ದಂಡೆ ಅಕ್ಕಾ, ಇದನ್ನು ಬರೆದದ್ದು ಒಳ್ಳೆಯದಾಯಿತು. ಯಾರ ಮನೆಯಲ್ಲಾದರೂ ಈ ಆಪರೇಷನ್ ಆಗಿ ವಾಂತಿ ನಿಲ್ಲದಿದ್ದರೆ, ಡ್ರಿಪ್ ಹಾಕುವವರಿಗೆ "ಬಿ1 ಕೊಟ್ಟಿದ್ದೀರಾ" ಅಂತ ಒಂದು ಮಾತು ಕೇಳಿ. ತಯಾಮಿನ್ ಅಂದರೂ ಅದೇ. ಅದು ದುಬಾರಿ ಔಷಧಿಯೂ ಅಲ್ಲ.

ರಾಣೆಬೆನ್ನೂರು ಅಣ್ಣ:

ಎಲ್ಲರಿಗೂ ತಡವಾಗಿ ಬರೆಯುತ್ತಿದ್ದೇನೆ. ತುಂಗೆ ದಂಡೆ ಅಕ್ಕಾ, ನಿಮ್ಮ ಬರಹವನ್ನು ತಂಗಿಗೆ ಓದಿ ಹೇಳಿದೆ. ಯಜಮಾನರ ಕೈ ಬಿಡದೆ ನೋಡಿಕೊಳ್ಳುತ್ತಿದ್ದೀರಿ, ನಿಮಗೆ ನಮಸ್ಕಾರ ಹೇಳು ಅಂದಳು.

72 ಗಂಟೆ ಅಂದಿದ್ದು 19 ದಿನ ಆಯಿತು. ಮೊದಲು ಬರೀ ಡಿಸ್ಚಾರ್ಜ್ ಸಮರಿ ಕಳಿಸಿದರು. ಸಿಸ್ಟರ್ ಹೇಳಿದಂತೆ ಒಪ್ಪಲಿಲ್ಲ, ಎರಡನೇ ರಿಜಿಸ್ಟರ್ ಕಾಗದ ಹಾಕಿದೆ. ಆಮೇಲೆ 143 ಪುಟ ಬಂತು. ಅಂಗಡಿ ಮುಚ್ಚಿದ ಮೇಲೆ ತಂಗಿ, ನಾನು, ಅವಳ ಗಂಡ ಮೂವರೂ ಕೂತು ನೋಡಿದೆವು. ಟಿಪಿಆರ್ ಹಾಳೆ ಓದುವುದು ಕಷ್ಟ ಆಗಲಿಲ್ಲ, ಚುಕ್ಕಿ ಇಟ್ಟು ಗೆರೆ ಎಳೆದಿರುತ್ತಾರೆ.

ಬುಧವಾರ ರಾತ್ರಿ 98. ಗುರುವಾರ ಬೆಳಿಗ್ಗೆ 6ಕ್ಕೆ 112. ಹತ್ತಕ್ಕೆ 118. ಅದರ ಪಕ್ಕದ ನರ್ಸಿಂಗ್ ನೋಟ್ಸಿನಲ್ಲಿ ಒಬ್ಬ ಸಿಸ್ಟರ್ ಬರೆದಿದ್ದಾರೆ, ನಾಡಿ ಜಾಸ್ತಿ ಇದೆ, ಡ್ಯೂಟಿ ಡಾಕ್ಟರಿಗೆ ತಿಳಿಸಿದ್ದೇನೆ ಅಂತ. ಟೈಮ್ ಹಾಕಿ ಸಹಿ ಮಾಡಿದ್ದಾರೆ. ಆಮೇಲೆ ಡಾಕ್ಟರ್ ಬಂದು ನೋಡಿದ್ದು ಎಲ್ಲೂ ಇಲ್ಲ. 11.40ಕ್ಕೆ ಡಿಸ್ಚಾರ್ಜ್. ಟೈಪ್ ಮಾಡಿದ ಸಮರಿಯಲ್ಲಿ ಅವತ್ತಿನ ನಾಡಿ 84 ಅಂತ ಇದೆ.

ತಂಗಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಮಕ್ಕಳ ಲೆಕ್ಕದ ಪುಸ್ತಕ ತಿದ್ದುವಾಗ ಕೂರುತ್ತಾಳಲ್ಲ, ಹಾಗೇ. ಆ ನರ್ಸಮ್ಮ ಯಾರೋ, ಅವರಿಗೆ ತೊಂದರೆ ಆಗಬಾರದು ಅಂದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ ಚಿಂತೆ.

ದಾವಣಗೆರೆಯ ಸರ್ಜನ್ ಅಭಿಪ್ರಾಯ ಬರೆದುಕೊಡಲು ಒಪ್ಪಿದ್ದಾರೆ. ಮಂಗಳವಾರ ಹಾವೇರಿಗೆ ಹೋಗುತ್ತೇವೆ. ಅವಳ ಬದಲು ನಾನು ಓಡಾಡುತ್ತೇನೆ ಅಂದರೆ ಕೇಳಲಿಲ್ಲ. ವಕಾಲತ್ತಿಗೆ ತಾನೇ ಬಂದು ಸಹಿ ಹಾಕುತ್ತಾಳಂತೆ.

ವಕೀಲರೇ, ಒಂದು ಕೇಳಬೇಕಿತ್ತು. ಬಿಲ್ ಪುಸ್ತಕದ ಮುಂದಿನ ಪುಟಗಳಲ್ಲಿ ಗಿರಾಕಿಗಳ ಹೆಸರು, ಉದ್ರಿ ಬಾಕಿ ಎಲ್ಲ ಇದೆ. ಅದನ್ನು ಹಾಗೇ ಕೊಡಬಹುದಾ, ಮುಚ್ಚಿ ಕೊಡಬೇಕಾ? ಸೋಮವಾರದೊಳಗೆ ತಿಳಿಸಿದರೆ ಉಪಕಾರ ಆಗುತ್ತದೆ.